ಸೊಳ್ಳೆಗೆ ಹೊಡೆದ ಚಪ್ಪಾಳೆ

ಈ ಬೇಸಿಗೆಯಲ್ಲಿ ಊರಲ್ಲಿ ನಡೆಯೋ ಒಂದೇ ಒಂದು ಸಂಗೀತ ಕಛೇರಿಯನ್ನೂ ಬಿಡೋದಿಲ್ಲ ಅಂತ ಭೀಷ್ಮಪ್ರತಿಜ್ಞೆ ಮಾಡಿದೆ! ಮಾಡದೆ ಇನ್ನೇನು? ಮೂವತ್ತು ವರ್ಷದಿಂದ ರೇಡಿಯೋ, ಸ್ಪೀಕರ್ ರಿಪೇರಿ ಮಾಡೋನು ನಾನು. ಸ್ಪೀಕರ್ ಒಳಗಿನ ಕಾಗದ ಕೂದಲೆಳೆಯಷ್ಟು ಹರಿದಿದ್ದರೂ ಪಕ್ಕದ ಕೋಣೆಯಿಂದಲೇ ಹೇಳ್ತೀನಿ. "ನಿಮ್ಮದು ಕಿವಿಯಲ್ಲ ಸ್ವಾಮಿ, ಯಂತ್ರ!" ಅಂತ ಗಿರಾಕಿಗಳೇ ಹೊಗಳಿದ್ದಾರೆ. ಇಂಥ ಕಿವಿಯನ್ನ ಅಂಗಡೀಲಿ ಕೂಡಿಹಾಕಿ ತುಕ್ಕು ಹಿಡಿಸೋದು ಮಹಾಪಾಪ.

ನನ್ನಾಕೆಗೆ ಹೇಳಿದೆ. ನಾನು ಪೂರ್ವ ಅಂದರೆ ಪಶ್ಚಿಮ ಅನ್ನೋಳು ಅವಳು. ಈ ಸಲ ನನ್ನ ಮುಖವನ್ನೇ ದಿಟ್ಟಿಸಿ ನೋಡಿ, "ನಾನೂ ಬರ್ತೀನ್ರೀ" ಅಂದುಬಿಟ್ಟಳು.

ಮೊದಲ ಮೂರು ಕಛೇರಿ ದಿಗ್ವಿಜಯ! ನಾನು ತಲೆದೂಗಿದರೆ ಅವಳೂ ತಲೆದೂಗೋಳು. ನಾನು ಚಪ್ಪಾಳೆ ತಟ್ಟಿದ ಮರುಕ್ಷಣ ಅವಳದೂ ಚಪ್ಪಾಳೆ. ಹೊರಗೆ ಬಂದು "ಹೇಗಿತ್ತೇ?" ಅಂದರೆ, "ಮೊದಲು ನಿಮಗೆ ಹೇಗನ್ನಿಸ್ತು ಹೇಳಿ" ಅನ್ನೋಳು.

"ಪಿಟೀಲು ಸ್ವಲ್ಪ ಸಪ್ಪೆ."

"ಹೌದು ಹೌದು, ಸಪ್ಪೆ."

ಅಂತೂ ಹೆಂಡತಿಗೆ ಸಂಗೀತ ಕೇಳೋದು ಕಲಿಸಿಬಿಟ್ಟೆ ಅಂತ ಬೀಗಿದೆ. ಮೀಸೆ ಇಲ್ಲದಿದ್ದರೂ ತಿರುವಿಕೊಂಡೆ.

ನಾಲ್ಕನೆಯದರಲ್ಲಿ ಆಯಿತು ನೋಡಿ ಎಡವಟ್ಟು. ವಯಸ್ಸಾದ ಗಾಯಕಿ. ತೀರಿಕೊಂಡ ಮಗನನ್ನ ನೆನೆದು ತಾಯಿ ಹಾಡೋ ಹಾಡು. ಸೂಜಿ ಬಿದ್ದರೂ ಕೇಳಿಸೋ ಮೌನ. ಆಗ ಒಂದು ಸೊಳ್ಳೆ ನನ್ನ ಮೂಗಿನ ಮುಂದೆ ಪ್ರದಕ್ಷಿಣೆ ಶುರು ಮಾಡಿತು. ಎರಡೂ ಕೈ ಸೇರಿಸಿ "ಫಟ್" ಅನ್ನಿಸಿದೆ. ಸೊಳ್ಳೆ ತಪ್ಪಿಸಿಕೊಂಡಿತು, ನಾವು ಸಿಕ್ಕಿಬಿದ್ದೆವು. ಪಕ್ಕದಲ್ಲಿದ್ದ ನನ್ನಾಕೆ ಜೋರಾಗಿ ಚಪ್ಪಾಳೆ ತಟ್ಟತೊಡಗಿದಳು! ಹಿಂದಿನ ಸಾಲಲ್ಲಿ ತೂಕಡಿಸುತ್ತಿದ್ದವರು ಹಾಡು ಮುಗಿಯಿತು ಅಂದುಕೊಂಡು ಅವರೂ ತಟ್ಟಿದರು. ಅವರನ್ನ ನೋಡಿ ಬಾಲ್ಕನಿಯವರು. ಅರೆನಿಮಿಷದಲ್ಲಿ ಇಡೀ ಸಭಾಂಗಣ! ಗಾಯಕಿ ಅರ್ಧ ಸಾಲಿಗೇ ನಿಲ್ಲಿಸಿ, "ಸಾಕು ಅಂದಿದ್ದರೆ ಸಾಕಿತ್ತಲ್ಲ" ಅಂದು ಎದ್ದು ಒಳಗೆ ನಡೆದರು.

ಬಸ್ಸಲ್ಲಿ ಅವಳಿಗೆ ಮುಂದಿನ ಸೀಟು, ನನಗೆ ಹಿಂದಿನದು. ದಾರಿಯುದ್ದಕ್ಕೂ ಅವಳ ಬೆನ್ನಿಗೆ ಬೈದೆ. "ಬುದ್ಧಿ ಎಲ್ಲಿಟ್ಟಿದ್ದೆ? ಮಾನ ಹರಾಜು ಹಾಕಿದೆಯಲ್ಲೇ!" ಅವಳು ಆರಾಮಾಗಿ ಕಿಟಕಿಯಾಚೆ ನೋಡ್ತಾ ಕೂತಿದ್ದಳು. ನನಗೆ ಇನ್ನೂ ಉರಿಯಿತು.

ಮನೆಗೆ ಬಂದವಳೇ ಟೀಗೆ ನೀರಿಟ್ಟು, ಒಲೆಗೆ ಬೆನ್ನು ಮಾಡಿ ಲೋಟ ತೊಳೆಯುತ್ತಾ ನಿಂತಳು. ಕೆಟಲ್ ಸೀಟಿ ಹಾಕಿತು. ಹಾಕುತ್ತಲೇ ಇತ್ತು. ಅವಳು ತಿರುಗಲಿಲ್ಲ. "ಏನೇ" ಅಂದೆ. ಕೂಗಿದೆ. ತಟ್ಟೆಯೊಂದನ್ನ ನೆಲಕ್ಕೆ ಬಿಟ್ಟೆ. ತಿರುಗಲಿಲ್ಲ.

ಭುಜ ಮುಟ್ಟಿದೆ. ತಿರುಗಿ ನನ್ನ ಮುಖ ನೋಡಿದಳು, ಕೆಟಲಿನ ಆವಿ ನೋಡಿದಳು, ಒಲೆ ಆರಿಸಿದಳು.

"ಗೊತ್ತಾಯ್ತಾ?"

"ಯಾವಾಗಿಂದ?"

"ಚಳಿಗಾಲದಿಂದ ಕಡಿಮೆ ಆಗ್ತಾ ಬಂತು. ಈಗ ಏನೂ ಇಲ್ಲ. ನಿಮ್ಮ ತುಟಿ ನೋಡಿ ತಿಳ್ಕೋತೀನಿ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ರೀ, ಎರಡು ಸಲ. ನೀವು ಹೆಡ್‌ಫೋನ್ ಹಾಕ್ಕೊಂಡು ಯಾರದೋ ರೇಡಿಯೋ ನೋಡ್ತಿದ್ರಿ. 'ಹೂಂ, ನೋಡೋಣ' ಅಂದ್ರಿ."

ಮನೆಗೆ ಮಾರಿ ಊರಿಗೆ ಉಪಕಾರಿ ಅನ್ನೋ ಗಾದೆ ನನ್ನಂಥವನನ್ನ ನೋಡಿಯೇ ಹುಟ್ಟಿರಬೇಕು.

"ಮತ್ತೆ ಕಛೇರಿಗೆ ಯಾಕೆ ಬರ್ತಿದ್ದೆ?"

"ಮನೇಲಿ ರೇಡಿಯೋ ಪಕ್ಕ ಕೂತಿರ್ತೀರಿ. ಅಲ್ಲಾದ್ರೆ ನನ್ನ ಪಕ್ಕ."

ಮರುದಿನವೇ ಡಾಕ್ಟರ ಹತ್ತಿರ ಓಡಿದೆವು. "ನರ ಸೋತಿದೆ. ಚಳಿಗಾಲದಲ್ಲೇ ಬಂದಿದ್ದರೆ ಒಂದಿಷ್ಟು ಉಳೀತಿತ್ತೇನೋ" ಅಂದರು, ತುಂಬ ಮೆಲ್ಲಗೆ. ನನ್ನ ದರಿದ್ರ ಕಿವಿಗೆ ಒಂದಕ್ಷರ ಬಿಡದೆ ಕೇಳಿಸಿತು. ಅವತ್ತು ಅಂಗಡಿ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಸುತ್ತಲೂ ನಾನೇ ರಿಪೇರಿ ಮಾಡಿಟ್ಟ ಹನ್ನೊಂದು ರೇಡಿಯೋ ಇದ್ದವು.

ಇನ್ನು ಕಛೇರಿಯ ಸಹವಾಸವೇ ಬೇಡ ಅಂದೆ. "ಪ್ರತಿಜ್ಞೆ ಮಾಡಿದೋರು ನೀವು, ಕೊನೇದೊಂದು ಉಳಿದಿದೆ, ನಡೀರಿ!" ಅಂತ ಅವಳೇ ಹೊರಡಿಸಿದಳು.

ಎದ್ದುಹೋಗಿದ್ದ ಗಾಯಕಿಯನ್ನ ಹೇಗೋ ಒಪ್ಪಿಸಿ ಮತ್ತೆ ಕರೆಸಿದ್ದರು. ಅವತ್ತು ಅರ್ಧಕ್ಕೆ ನಿಂತ ಹಾಡನ್ನೇ ಎತ್ತಿಕೊಂಡರು. ನನ್ನಾಕೆಯ ಕಣ್ಣು ನನ್ನ ಮೇಲೇ ಇತ್ತು. ಸೊಳ್ಳೆಯೂ ಬಂತು, ಅದೇ ಇರಬೇಕು! ಕೆನ್ನೆ ಮೇಲೆ ಕೂತು ಸಾವಕಾಶವಾಗಿ ಕಚ್ಚತೊಡಗಿತು. ನಾನು ಕೈ ತಟ್ಟಿದರೆ ಪಾಪ, ಅವಳೂ ತಟ್ಟುತ್ತಾಳೆ. ಕುಡ್ಕೊಳಪ್ಪಾ, ಹೊಟ್ಟೆ ತುಂಬ ಕುಡ್ಕೋ ಅಂತ ಎರಡೂ ಕೈ ತೊಡೆ ಕೆಳಗೆ ಒತ್ತಿಟ್ಟು ಕೂತೆ. ಕಣ್ಣಲ್ಲಿ ನೀರು ತುಂಬಿತು.

ಫಟಾರ್!

ನನ್ನ ಕೆನ್ನೆಗೇ ಬಿತ್ತು. ಹಾಡು ನಿಂತಿತು. ಇಡೀ ಸಭಾಂಗಣ ನಮ್ಮ ಕಡೆ ತಿರುಗಿತು. ಅವಳು ಅಂಗೈಯಲ್ಲಿ ಅಪ್ಪಚ್ಚಿಯಾದ ಸೊಳ್ಳೆಯನ್ನ ಹೆಮ್ಮೆಯಿಂದ ತೋರಿಸಿ, ಪಿಸುಗುಟ್ಟುತ್ತಿದ್ದೀನಿ ಅಂದುಕೊಂಡು, ಬಾಲ್ಕನಿಯ ಕೊನೇ ಸಾಲಿಗೂ ಮುಟ್ಟೋ ಹಾಗೆ ಕೇಳಿದಳು.

"ಯಾರಿಗೂ ಕೇಳಿಸಲಿಲ್ಲ ತಾನೇ?"

ನಾನು ತುಟಿ ಬಿಡಿಸಿ, ಅವಳಿಗೆ ಚೆನ್ನಾಗಿ ಕಾಣೋ ಹಾಗೆ ಹೇಳಿದೆ: "ಇಲ್ಲ ಕಣೇ, ಯಾರಿಗೂ ಕೇಳಿಸಲಿಲ್ಲ."