ಕಾಕಾನ ಗಾಡಿ, ಕಾಕಿಯ ಆಣೆ

ರೋಣ ತಾಲ್ಲೂಕಿನ ರಸ್ತೆಗಳಿಗೆಲ್ಲ ಎಣ್ಣೆಸ್ನಾನ ಮಾಡಿಸಿದ ಪುಣ್ಯಾತ್ಮ ಯಾರಾದರೂ ಇದ್ದರೆ ಅದು ನಮ್ಮ ಕಾಕಾ. ನಗಬೇಡಿ! ಅಬ್ಬಿಗೇರಿಯಿಂದ ಗಜೇಂದ್ರಗಡದವರೆಗೆ ರಸ್ತೆಯ ಮೇಲೆ ಕರಿ ಹನಿಗಳ ಸಾಲು ಕಂಡರೆ ಅದು ನಮ್ಮ ಕಾಕಾನ ಪಿಕಪ್ ಗಾಡಿ ಹೋದ ದಾರಿ ಎಂದು ತಿಳಿಯಬೇಕು. ಗಾಡಿಯ ವಯಸ್ಸು ಕೇಳಬೇಡಿ. ಕಿಲೋಮೀಟರ್ ತೋರಿಸುವ ಅಂಕಿಗಳು ಉರುಳಿ ಉರುಳಿ ದಣಿದು ಎಂದೋ ನಿಂತುಬಿಟ್ಟಿವೆ. ಗಾಡಿ ಮಾತ್ರ ಉಳ್ಳಾಗಡ್ಡಿ, ಕಡಲೆ, ಮೆಣಸಿನಕಾಯಿ ಹೇರಿಕೊಂಡು ಓಡುತ್ತಲೇ ಇತ್ತು.

ಸೋರುತ್ತದೆ ಎನ್ನುವ ಮಾತನ್ನು ಕಾಕಾನೆದುರು ಆಡುವಂತಿರಲಿಲ್ಲ.

“ಅದು ಸೋರೂದಲ್ಲೋ ತಮ್ಮಾ, ಬೆವರು. ದುಡಿಯೂ ಗಾಡಿ ಬೆವರತೈತಿ. ಶೋರೂಮಿನ್ಯಾಗ ನಿಂತ ಗಾಡಿ ಎದಕ್ಕ ಬೆವರತೈತಿ?”

ಮನೆಯ ಮುಂದೆ ಗಾಡಿ ನಿಂತ ಕೂಡಲೇ ಕಾಕಿಯ ಅಡುಗೆಮನೆಯಿಂದ ಹಿಟ್ಟು ನಾದುವ ಅಗಲ ಪರಾತ ಮಾಯವಾಗಿ ಇಂಜಿನ್ನಿನ ಕೆಳಗೆ ಪ್ರತ್ಯಕ್ಷವಾಗುತ್ತಿತ್ತು. ಓಣಿಯವರಿಗೆ ಇದರಿಂದ ಭಾರಿ ಅನುಕೂಲ. ಬಾಗಿಲು ಕಿರ್ ಅಂದವರು, ಸೈಕಲ್ಲಿನ ಚೈನು ಒಣಗಿದವರು, ಬಾವಿಯ ಗಾಲಿ ಬಿಗಿಯಾದವರು ಎಲ್ಲರೂ ಬಂದು ಪರಾತದಲ್ಲಿ ಬೆರಳದ್ದಿಕೊಂಡು ಹೋಗುತ್ತಿದ್ದರು. ಕೊನೆಗೆ ನಮ್ಮ ಓಣಿಯಲ್ಲಿ ಸದ್ದು ಮಾಡಲು ಉಳಿದದ್ದು ಕಾಕಿಯೊಬ್ಬಳೇ.

ಅವಳ ಸದ್ದಿಗೆ ಕಾರಣವೂ ಇತ್ತು. ಒಮ್ಮೆ ಗಂಡ ಹೆಂಡತಿ ಇಬ್ಬರೂ ಗಜೇಂದ್ರಗಡಕ್ಕೆ, ಕಾಕಿಯ ತವರಿಗೆ ಹೊರಟಿದ್ದರು. ದಾರಿಯಲ್ಲಿ ಸೋರಿದಷ್ಟು ತುಂಬಲು ಬೇಕಲ್ಲ, ಹೊಸ ಎಣ್ಣೆಯ ಡಬ್ಬಿಯನ್ನು ಕಾಕಾ ಅವಳ ತೊಡೆಯ ಮೇಲೆ ಇಟ್ಟಿದ್ದ. ಡಬ್ಬಿಗೆ ಮುಚ್ಚಳವಿರಲಿಲ್ಲ. ನರೇಗಲ್ಲಿನ ಹತ್ತಿರ ರಸ್ತೆಯುಬ್ಬು ಬಂತು. ಕಾಕಿಗೆ ಅವಳ ತಮ್ಮ ಉಡಿಸಿದ ಇಳಕಲ್ ಸೀರೆ ಮಡಿಲಿನಿಂದ ಅಂಚಿನವರೆಗೆ ಎಣ್ಣೆಯಲ್ಲಿ ಮಿಂದಿತು. ಆಗ ಗಂಡನಾದವನು ಏನನ್ನಬೇಕು? ಕಾಕಾ ಅಂದದ್ದು, “ಅಯ್ಯಯ್ಯ, ಹೊಸಾ ಎಣ್ಣಿ ಎಲ್ಲಾ ಹೋತಲ್ಲ!”

ಕಾಕಿ ಅಲ್ಲೇ ಗಾಡಿ ನಿಲ್ಲಿಸಲು ಹೇಳಿ ಇಳಿದಳು.

“ಈ ಗಾಡಿ ಒಂದ ಹನಿನೂ ಸೋರದಂಗ ಆಗೂತನಕಾ ನಾ ಇದರಾಗ ಹತ್ತಂಗಿಲ್ಲ. ನನ್ನ ತವರಮನಿ ಆಣಿ.”

ಆಮೇಲೆ ಕಾಕಾನ ಬಾಳಿನಲ್ಲಿ ಗುರಿ ಒಂದೇ ಉಳಿಯಿತು: ಸೋರಿಕೆ ನಿಲ್ಲಿಸಬೇಕು, ಕಾಕಿಯನ್ನು ಮತ್ತೆ ಬಾಜೂಕ ಕೂಡಿಸಿಕೊಳ್ಳಬೇಕು. ಆ ಎಡಗಡೆಯ ಸೀಟಿನಲ್ಲಿ ಬೇರೆ ಯಾರನ್ನೂ ಕೂಡಗೊಡಲಿಲ್ಲ. ಮಾಲಿನ ಮಾಲೀಕರೂ ಹಿಂದೆ ಮೂಟೆಗಳ ಮೇಲೆಯೇ. ಅಣ್ಣನ ಮಗ ಎಂಬ ಅಭಿಮಾನದಿಂದ ನಾನು ಒಮ್ಮೆ ಹತ್ತಿದೆ. “ಇಳಿ, ಅದು ಅಕಿ ಜಾಗಾ” ಅಂದ. ನಾನೂ ಮೆಣಸಿನಕಾಯಿ ಚೀಲದ ಮೇಲೆ ಸೀನುತ್ತ ಗದಗ ಮುಟ್ಟಿದೆ.

ಮದ್ದುಗಳು ಶುರುವಾದವು. ಮೊದಲು ಬಟ್ಟೆ ಸಾಬೂನು ಮೆತ್ತಿದ, ಗಾಡಿ ನೊರೆ ಕಾರಿತು. ಆಮೇಲೆ ಕಾಕಿ ಹಪ್ಪಳಕ್ಕೆಂದು ಕುಟ್ಟಿಟ್ಟ ಉದ್ದಿನ ಹಿಟ್ಟನ್ನು ಕದ್ದು ಬಿರುಕಿಗೆಲ್ಲ ತುಂಬಿದ. ಇಂಜಿನ್ ಬಿಸಿಯಾಯಿತು, ಎಣ್ಣೆಯೂ ಅಲ್ಲೇ ಇತ್ತು, ಇನ್ನೇನು ಬೇಕು? ಬೆಳವಣಕಿ ದಾಟುವವರೆಗೂ ಕರಿದ ಹಪ್ಪಳದ ವಾಸನೆ. ಹೊಲದಲ್ಲಿದ್ದವರು ತಲೆಯೆತ್ತಿ ಯಾರ ಮನೆಯ ಊಟವೆಂದು ನೋಡಿದರಂತೆ.

ಇಂಜಿನ್ನಿನ ಜೋಡಣೆಗಳ ನಡುವೆ ಎಣ್ಣೆ ತಡೆಯಲು ಗ್ಯಾಸ್ಕೆಟ್ ಎಂಬ ತೆಳು ಹಾಳೆ ಇರುತ್ತದೆ. ಅದನ್ನು ಕಾಕಾ ಲಗ್ನಪತ್ರಿಕೆಗಳಿಂದ ಕತ್ತರಿಸಿಕೊಳ್ಳುತ್ತಿದ್ದ! ಯಾರಾದರೂ ಪತ್ರಿಕೆ ಕೊಟ್ಟರೆ ಹುಡುಗ ಯಾರು, ಹುಡುಗಿ ಯಾರು ಎಂದು ಓದುವುದಿಲ್ಲ. ಬಾಗಿಸಿ ನೋಡುತ್ತಾನೆ, ಉಗುರಿನಿಂದ ಕೆರೆಯುತ್ತಾನೆ. “ಭಾಳ ದಪ್ಪ ಐತಿ. ಬೀಗರು ಚಲೋ ಮಂದಿ.” ಹೀಗೊಂದು ದಪ್ಪ ಪತ್ರಿಕೆ ಬಂದ ದಿನವೇ ಕತ್ತರಿ ಆಡಿತು. ಲಗ್ನಕ್ಕೆ ಹೋದಾಗ ಚಪ್ಪರ ಬಿಚ್ಚುತ್ತಿದ್ದರು. ಒಂದು ದಿನ ತಡ!

“ಪತ್ರಿಕಿ ಕೊಟ್ಟಿದ್ದೆನಲ್ರಿ ಯಜಮಾನ್ರ, ತಾರೀಖ ನೋಡಲಿಲ್ಲೇನ್ರಿ?” ಎಂದು ಹುಡುಗಿಯ ಅಪ್ಪ ಕೇಳಿದ.

“ತಾರೀಖ ಇಂಜಿನ್ನಿನ್ಯಾಗ ಹೋಗೇತ್ರಿ” ಅಂದ ಕಾಕಾ. ಉಳಿದ ಬುಂದೆ ತಿಂದು ಬಂದ.

ಇತ್ತ ಕಾಕಿ ಎಲ್ಲಿ ಹೋದರೂ ಬಸ್ಸಿನಲ್ಲೇ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಬೇರೆ. ಅವಳು ಬಸ್ಸು ಹತ್ತಿದರೆ ಕಾಕಾ ಖಾಲಿ ಗಾಡಿ ತೆಗೆದುಕೊಂಡು ಹಿಂದೆಯೇ ಬರುತ್ತಾನೆ. ಪ್ರತಿ ನಿಲ್ದಾಣದಲ್ಲೂ ಕಿಟಕಿಯ ಪಕ್ಕ ಗಾಡಿ ತಂದು ನಿಲ್ಲಿಸಿ, “ಬರ್ತಿಯೇನ?” ಎನ್ನುತ್ತಾನೆ.

“ಮೊದಲ ಕೆಳಗ ಬಗ್ಗಿ ನೋಡ್ರಿ.”

ಕಾಕಾ ಇಳಿದು ಬಗ್ಗಿ ನೋಡುತ್ತಾನೆ. ಹನಿ ಬಿದ್ದಿರುತ್ತದೆ. ಮತ್ತೆ ಗಾಡಿ ಹತ್ತುತ್ತಾನೆ. ಬಸ್ಸಿನವರಿಗೆಲ್ಲ ಇದು ರೂಢಿಯಾಗಿ, ಕಂಡಕ್ಟರನೇ ಹಿಂದೆ ಇಣುಕಿ “ಕಾಕಾರು ಬಂದರ್ರಿ, ಈಗ ಬಿಡೂನು” ಎಂದು ಸೀಟಿ ಊದುತ್ತಿದ್ದ.

ಕೊನೆಗೆ ಕಾಕಾ ಗಜೇಂದ್ರಗಡದ ಹಳೆಯ ಗೆಳೆಯ ಮಿಸ್ತ್ರಿಯ ಶೆಡ್ಡಿಗೆ ಗಾಡಿ ಒಯ್ದ. ಇಂಜಿನ್ ಪೂರಾ ಇಳಿಸಿ ಬಿಚ್ಚು ಅಂದ. ಮಿಸ್ತ್ರಿ ಬಿಚ್ಚುತ್ತ ಹೋದಂತೆ ಒಳಗಿನಿಂದ ಒಂದೊಂದೇ ಗಣಪತಿ, ಒಂದೊಂದೇ ಮಂಗಳಕಲಶ!

“ತೋಬಾ ತೋಬಾ, ಇದು ಇಂಜಿನ್ ಏನ್ರಿ, ಕಲ್ಯಾಣ ಮಂಟಪ ಏನ್ರಿ?”

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಮಿಸ್ತ್ರಿ ಬ್ಯಾಟರಿ ಹಚ್ಚಿ ಬಹಳ ಹೊತ್ತು ನೋಡಿದ. ನಗು ನಿಂತಿತು.

“ಯಜಮಾನ್ರ, ಬ್ಲಾಕ್, ಅಂದ್ರ ಇಂಜಿನ್ನಿನ ಮೈನ ಸೀಳೇತ್ರಿ. ಸೀಲ್, ಗ್ಯಾಸ್ಕೆಟ್ ಏನ್ ಹಾಕಿದ್ರೂ ನಿಲ್ಲಂಗಿಲ್ಲ. ಇದನ್ನ ಇನ್ನ ಗುಜರಿಗಿ ಹಾಕ್ರಿ.”

ಕಾಕಾ ಬಸ್ಸಿನಲ್ಲಿ ಮನೆಗೆ ಬಂದ. ಊಟ ಬೇಡ ಅಂದ. “ನೀ ಗೆದ್ದಿ ನೋಡ. ಗಾಡಿ ಹೋತು” ಎಂದು ಕಾಕಿಗೆ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ.

ಮರುದಿನ ಬೆಳಿಗ್ಗೆ ಅವಳು ಹಬ್ಬಕ್ಕೆ ಉಡುವ ಸೀರೆ ಉಟ್ಟು ನಿಂತಿದ್ದಳು. ಕಾಕಾನನ್ನೂ ನನ್ನನ್ನೂ ಎಬ್ಬಿಸಿಕೊಂಡು ಬಸ್ಸು ಹತ್ತಿಸಿದಳು. ಯಾಕೆ, ಎಲ್ಲಿಗೆ ಎಂದು ಕೇಳುವ ಧೈರ್ಯ ನಮಗಿರಲಿಲ್ಲ. ಇಳಿದದ್ದು ಗಜೇಂದ್ರಗಡದಲ್ಲಿ, ಹೋದದ್ದು ನೇರ ಮಿಸ್ತ್ರಿಯ ಶೆಡ್ಡಿಗೆ. ಇಂಜಿನ್ ನೆಲದ ಮೇಲೆ ತುಂಡುತುಂಡಾಗಿ ಬಿದ್ದಿತ್ತು. ಕಾಕಾನಿಗೆ ಅದನ್ನು ನೋಡಲಾಗಲಿಲ್ಲ, ಹೊರಗೇ ನಿಂತ.

ಕಾಕಿ ಸೆರಗು ಸಿಕ್ಕಿಸಿಕೊಂಡು, ನನ್ನ ಹೆಗಲು ಹಿಡಿದು, ಮೊಣಕಾಲಿನ ನೋವಿಗೆ ನರಳುತ್ತ ಗಾಡಿ ಹತ್ತಿದಳು. ಎಡಗಡೆಯ ಸೀಟಿನಲ್ಲಿ ಕೂತಳು.

“ಅವ್ವಾರ, ಅದರಾಗ ಇಂಜಿನ್ ಇಲ್ರಿ” ಅಂದ ಮಿಸ್ತ್ರಿ ಗಾಬರಿಯಾಗಿ.

“ಗೊತ್ತೈತೋಪಾ. ಇಂಜಿನ್ ಇಲ್ಲಂದ್ರ ಸೋರೂದೂ ಇಲ್ಲಲ್ಲ? ನನ್ನ ಆಣಿ ಮುಗೀತು.” ಅವಳು ಕಿಟಕಿಯಿಂದ ತಲೆ ಹೊರಹಾಕಿದಳು. “ಏನ್ರಿ, ಅಲ್ಲೇನ್ ನಿಂತೀರಿ? ಬರ್ರಿ. ಗುಜರಿಯವ್ರು ಬರೂದ್ರಾಗ ನಿಮ್ಮ ಬಾಜೂಕ ಒಮ್ಮಿ ಕುಂಡ್ರಬೇಕಾಗೇತಿ ನನಗ.”

ಕಾಕಾ ಬಂದು ಸ್ಟೇರಿಂಗ್ ಹಿಡಿದು ಕೂತ. ಎದುರಿಗೆ ಶೆಡ್ಡಿನ ಮಸಿ ಹಿಡಿದ ಗೋಡೆ. ಮೂಗೊರೆಸಿಕೊಂಡು, “ಎಲ್ಲಿಗಿ ಹೋಗೂನು?” ಎಂದು ಕೇಳಿದ.

“ಎಲ್ಲಿಗೂ ಬ್ಯಾಡ. ಇಲ್ಲೇ ಕುಂಡ್ರೂನು.”

ಮಿಸ್ತ್ರಿ ಚಹಾ ತರಲು ಹೊರಟ. ಅಳು ತಡೆಯಲಾಗದೆ ನಾನೂ ಅವನ ಹಿಂದೆ ಹೋದೆ.