ನಾಲ್ಕು ನಿಮಿಷ ಅಲ್ಲಾಡದೆ ನಿಲ್ಲಿ

ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟುಕೊಂಡು ಹೆಂಗಸೊಬ್ಬಳು ಸುಮ್ಮನೆ ನಿಂತಿದ್ದರೆ, ನಮ್ಮ ಕಡೆ ಯಾರೂ ಸುಮ್ಮನೆ ದಾಟಿ ಹೋಗುವುದಿಲ್ಲ. ನಾನು ಮಣಿಪಾಲದಲ್ಲಿ ಲೈಬ್ರರಿ ಕೆಲಸದವಳು. ಗಂಡ ಕುವೈತ್‌ನಲ್ಲಿ, ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಒಮ್ಮೆ ಹೊರಡುವಾಗ ತನ್ನ ಹಳೆಯ ಫಿಲ್ಮ್ ಕ್ಯಾಮೆರಾ ಕೊಟ್ಟು, "ಊರಿನ ಚಿತ್ರ ಇದರಲ್ಲಿ ತೆಗಿ ಮಾರಾಯ್ತಿ, ಮೊಬೈಲಿನದ್ದು ಎಲ್ಲರೂ ಕಳಿಸ್ತಾರೆ" ಎಂದಿದ್ದ. ಕಪ್ಪು-ಬಿಳುಪಿನ, ಬಹಳ ನಿಧಾನದ ಫಿಲ್ಮ್. ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಕಪ್ಪು ಗಾಜು ಬೇರೆ. ಒಂದು ಚಿತ್ರಕ್ಕೆ ನಾಲ್ಕು ನಿಮಿಷ ಶಟರ್ ತೆರೆದೇ ಇರಬೇಕು. ಅಷ್ಟರಲ್ಲಿ ಏನಾದರೂ ಆಗಿಯೇ ಆಗುತ್ತದೆ.

ಕಾರ್ಕಳ

ಬಂಡೆಗುಡ್ಡ ಚೆನ್ನಾಗಿ ಕಾಣುವ ಒಂದು ಓಣಿಯಲ್ಲಿ ನಿಂತಿದ್ದೆ. ಎದುರಿನ ಮನೆಯ ಅಜ್ಜ ಎಳನೀರಿನ ಬೊಂಡ ಕೆತ್ತಿಸಿಕೊಂಡೇ ಬಂದರು.

"ಬಿಸಿಲಲ್ಲಿ ನಿಂತಿದ್ದೀರಿ, ಕುಡಿಯಿರಿ. ರಸ್ತೆ ಅಗಲ ಮಾಡ್ಲಿಕ್ಕೆ ಅಳತೆಯಾ?"

"ಅಲ್ಲ ಅಜ್ಜ, ಗಂಡನಿಗೆ ಕಳಿಸ್ಲಿಕ್ಕೆ ಗುಡ್ಡದ ಫೋಟೋ."

ಅವರು ನಂಬಲಿಲ್ಲ. ಎಳನೀರು ಮುಗಿಯುವವರೆಗೆ ಕಾದು ಮೆಲ್ಲನೆ ಹೇಳಿದರು: "ನಿಮ್ಮ ಗಂಡ ಆಫೀಸರಾದರೆ ಒಂದು ಮಾತು ಹೇಳಿ. ಆಚೆ ಬದಿ ನನ್ನ ತಮ್ಮನದ್ದು. ಅಲ್ಲಿ ಜಾಗ ಬೇಕಾದಷ್ಟು ಉಂಟು."

ಕಾಪು

ಭಾನುವಾರ ಸಂಜೆ, ದೀಪಸ್ತಂಭದ ಬುಡದಲ್ಲಿ ಜನವೋ ಜನ. ಎಲ್ಲರೂ ಕ್ಯಾಮೆರಾದ ಎದುರಿನಿಂದಲೇ ಓಡಾಡಿದರು. ಚಿತ್ರ ಹಾಳಾಯಿತೆಂದೇ ಎಣಿಸಿದ್ದೆ. ಉಡುಪಿಯ ಸ್ಟುಡಿಯೋದಲ್ಲಿ ತೊಳೆಸಿ ನೋಡಿದರೆ ಒಂದು ನರಪಿಳ್ಳೆಯೂ ಇಲ್ಲ! ಪ್ರಿಂಟನ್ನು ಮೊಬೈಲಿನಲ್ಲೇ ತೆಗೆದು ಗಂಡನಿಗೆ ಕಳಿಸಿದೆ. ಕೂಡಲೇ ಫೋನ್.

"ಅಲೆ ಎಲ್ಲಿ? ಸಮುದ್ರ ಗಂಜಿತಿಳಿ ಹಾಗೆ ಉಂಟು. ಜನ ಎಲ್ಲ ಎಲ್ಲಿಗೆ ಹೋದ್ರು?"

"ನಾಲ್ಕು ನಿಮಿಷ ಒಂದೇ ಕಡೆ ನಿಲ್ಲದವರು ಇದರಲ್ಲಿ ಬೀಳುವುದಿಲ್ಲ" ಎಂದೆ.

ಅದಕ್ಕೆ ಅವನು, "ಹಾಗಾದರೆ ನಾನೂ ಊರಲ್ಲೇ ಇದ್ದೇನೆ. ಫೋಟೋದಲ್ಲಿ ಬೀಳುವುದಿಲ್ಲ, ಅಷ್ಟೆ" ಎಂದ.

ಎರ್ಮಾಳ್, ನಮ್ಮ ಮನೆಯ ಹತ್ತಿರ

ಆ ದಿನ ಗಡಿಯಾರ ಮರೆತಿದ್ದೆ, ಮೊಬೈಲೂ ಚಾರ್ಜ್ ಇಲ್ಲದೆ ಸತ್ತಿತ್ತು. ಜೊತೆಗೆ ಬಂದಿದ್ದ ಅತ್ತೆ (ನಾವು ಮಾಂಯ್ ಎನ್ನುವುದು) ಜಪಸರ ತೆಗೆದರು. "ಇಪ್ಪತ್ತು ನಮಾನ್ ಮರಿಯೆ ಪ್ರಾರ್ಥನೆ ಅಂದರೆ ನಾಲ್ಕು ನಿಮಿಷ. ನೀನು ಶಟರ್ ನೋಡು, ಲೆಕ್ಕ ನನಗೆ ಬಿಡು."

ಎಷ್ಟು ಹೊತ್ತಾದರೂ ಇಪ್ಪತ್ತು ಆಗಲಿಲ್ಲ. "ಎಷ್ಟಾಯಿತು ಮಾಂಯ್?"

"ನಡುವೆ ಬಂಗುಡೆ ಹೇಗೆ ಅಂತ ಆ ಮೀನು ಮಾರುವವಳನ್ನು ಕೇಳಿದೆ. ಲೆಕ್ಕ ತಪ್ಪಿತು. ಮೊದಲಿನಿಂದ ಶುರು ಮಾಡಿದ್ದೇನೆ."

ಬೆಳಕು ಹೆಚ್ಚಾಗಿ ಪ್ರಿಂಟ್ ಪೂರಾ ಬಿಳಿ. ಕಡಲೂ ಇಲ್ಲ, ಆಕಾಶವೂ ಇಲ್ಲ. ಮಾಂಯ್ ಕನ್ನಡಕ ಹಾಕಿ ನೋಡಿ ಶಿಲುಬೆಯ ಗುರುತು ಮಾಡಿಕೊಂಡರು. "ಬಿಸಾಡಬೇಡ. ಸ್ವರ್ಗ ಬಂದಿದೆ."

ಹೂಡೆ

ಕಳೆದ ರಜೆಯಲ್ಲಿ ಅವನು ಬಂದಾಗ, ಈ ಸಲ ನಾನೂ ಚಿತ್ರದಲ್ಲಿ ಬೀಳಬೇಕು ಎಂದ. ಹೊರಡಲು ಎರಡೇ ದಿನ ಇತ್ತು. ಬೆಳಿಗ್ಗೆ ಹೂಡೆಗೆ ಹೋದೆವು. ಮರಳಿನ ಮೇಲೆ ಚಪ್ಪಲಿ ಬಿಟ್ಟು, ಪಕ್ಕದಲ್ಲಿ ನೆಟ್ಟಗೆ ನಿಂತ.

"ನಾಲ್ಕು ನಿಮಿಷ. ಅಲ್ಲಾಡಬಾರದು, ಗೊತ್ತಾಯ್ತಲ್ಲ?"

"ಎರಡು ವರ್ಷ ಕಾದಿದ್ದೇನೆ ಮಾರಾಯ್ತಿ, ನಾಲ್ಕು ನಿಮಿಷ ಎಂತ!"

ಶಟರ್ ಒತ್ತಿದೆ. ಹತ್ತು ಸೆಕೆಂಡ್ ಆಗಿರಲಿಲ್ಲ, ಅತ್ತ ಬಲೆ ಎಳೆಯುತ್ತಿದ್ದವರಲ್ಲಿ ಅವನ ಶಾಲೆಯ ದೋಸ್ತಿಯೊಬ್ಬ ಗುರುತು ಹಿಡಿದು, "ಓಯ್! ಯಾವಾಗ ಬಂದದ್ದು? ಬಾ, ಕೈ ಹಾಕು!" ಎಂದು ಕೂಗಿದ. ಇವನು ಓಡಿಯೇ ಬಿಟ್ಟ. ಪ್ಯಾಂಟು ಒದ್ದೆ, ಹಗ್ಗ ಎಳೆಯುತ್ತಾ ಜೋರು ನಗು. ಅಷ್ಟು ನಗುವುದನ್ನು ಫೋನಿನಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನನಗೆ ಕರೆಯಲು ಮನಸ್ಸಾಗಲಿಲ್ಲ. ಶಟರ್ ಪಾಡಿಗೆ ಶಟರ್ ತೆರೆದೇ ಇತ್ತು.

ಫಿಲ್ಮ್ ತೊಳೆದು ಬರುವಾಗ ಅವನು ಕುವೈತ್ ಮುಟ್ಟಿಯಾಗಿತ್ತು. ಮಂಜಿನಂಥ ನೀರು, ಖಾಲಿ ದಂಡೆ, ನಡುವೆ ಒಂದು ಜೊತೆ ಚಪ್ಪಲಿ, ಹೊಲಿಗೆ ಸಹ ಲೆಕ್ಕ ಮಾಡಬಹುದು, ಅಷ್ಟು ಸ್ಪಷ್ಟ. ನನಗೆ ನಗು ಬಂತು. ಮಾಂಯ್ ಮಾತ್ರ ಅದಕ್ಕೆ ಫ್ರೇಮ್ ಹಾಕಿಸಿ ಹೊರಕೋಣೆಯಲ್ಲಿ ತೂಗುಹಾಕಿದರು.

ಮೊನ್ನೆ ಪಕ್ಕದ ಮನೆಯವರು ಬಂದವರು ತುಂಬ ಹೊತ್ತು ಅದನ್ನೇ ನೋಡಿ ಕೇಳಿದರು: "ಇದು ಎಂತ, ಚಪ್ಪಲಿಯಾ?"

ಮಾಂಯ್ ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಹೇಳಿದರು: "ಚಪ್ಪಲಿ ಅಲ್ಲ, ನಮ್ಮ ಮಗ. ರಜೆಯಲ್ಲಿ ಬಂದಿದ್ದಾಗ ತೆಗೆದದ್ದು."