ಸೌಜನ್ಯ ಕ್ಲಿಕ್ ನಿಧಿ

ಊಹಿಸಿ ನೋಡೋಣ. ನಮ್ಮೂರಿನ ಆರ್ಲಿಸ್ ಟೋರ್ಗರ್ಸನ್ ತಾನು ಹೆಣೆದ ಉಣ್ಣೆಯ ಕೈಗವಸುಗಳನ್ನು ಆನ್‌ಲೈನಿನಲ್ಲಿ ಮಾರಲು ಹೊರಟು ಒಂದು ಜಾಹೀರಾತು ಕೊಟ್ಟಳು. ಮೊದಲ ತಿಂಗಳಲ್ಲೇ ನಾನೂರ ಹನ್ನೆರಡು ಮಂದಿ ಅದರ ಮೇಲೆ ಕ್ಲಿಕ್ ಮಾಡಿದರು. ಎಷ್ಟು ಜೊತೆ ಮಾರಾಟವಾಗಿರಬಹುದು? ನೂರು? ಇಲ್ಲ, ಕೆಳಗಿಳಿಯಿರಿ. ಇಪ್ಪತ್ತು? ಇನ್ನೂ ಇಳಿಯಿರಿ. ನೆಲ ಸಿಗುವ ತನಕ ಇಳಿಯಿರಿ. ಹಾಂ, ಅಲ್ಲೇ ನಿಲ್ಲಿ. ಒಂದೂ ಇಲ್ಲ.

ಮಿನೆಸೋಟಾದ ಟೋರ್ವಿಕ್ ಗ್ರಾಮದ ಜನಸಂಖ್ಯೆ ನಾನೂರ ಹದಿಮೂರು ಎಂಬುದನ್ನು ಇಲ್ಲಿ ದಾಖಲಿಸತಕ್ಕದ್ದು. ಹಸುಗೂಸುಗಳ ಪರವಾಗಿ ತಾಯಂದಿರು ಕ್ಲಿಕ್ ಮಾಡಿದ್ದರು. ಮಾಡದೆ ಉಳಿದವಳು ಆರ್ಲಿಸ್ ಒಬ್ಬಳೇ. ತನ್ನ ಜಾಹೀರಾತನ್ನು ತಾನೇ ಒತ್ತುವುದು ಜಂಭವಾದೀತು ಎಂದು ಅವಳ ಸಂಕೋಚ.

ಇದೇ ಸಂಕೋಚದಿಂದ ಅವಳು ಜಾಹೀರಾತು ಊರಿನ ಸುತ್ತ ಹತ್ತು ಮೈಲಿಯೊಳಗೆ ಮಾತ್ರ ಕಾಣಲಿ ಎಂದು ಗೆರೆ ಎಳೆದಿದ್ದಳು. ಗುರುತಿಲ್ಲದವರ ಮುಖಕ್ಕೆ ಕೈಗವಸು ಹಿಡಿದು ಅವರ ಸಂಜೆ ಕೆಡಿಸುವುದು ಮರ್ಯಾದಸ್ಥರ ಕೆಲಸವೇ? ಆದರೆ ಆ ಹತ್ತು ಮೈಲಿಯೊಳಗಿನ ಪ್ರತಿ ಕೈಗೂ ಅವಳದೇ ಕೈಗವಸು ಏರಿ ವರ್ಷಗಳಾಗಿದ್ದವು. ಕ್ರಿಸ್ಮಸ್ಸಿಗೆ ಅವಳೇ ಪುಕ್ಕಟೆ ಹಂಚಿದ್ದಳು.

ಹಾಗಾದರೆ ಜನ ಯಾಕೆ ಕ್ಲಿಕ್ ಮಾಡಿದರು? ರಸ್ತೆಯಲ್ಲಿ ಎದುರಿಗೆ ಗಾಡಿ ಬಂದರೆ ಸ್ಟಿಯರಿಂಗಿನ ಮೇಲಿಂದ ತೋರುಬೆರಳು ಎತ್ತುವುದು ನಮ್ಮ ಕಡೆಯ ವಾಡಿಕೆ. ಫೋನಿನಲ್ಲಿ ಆರ್ಲಿಸ್ ಎದುರಾದಾಗ ಅದೇ ಬೆರಳು ತಾನಾಗಿ ಹೋಗಿ ಕೂತಿತು, ಅಷ್ಟೆ. ನಾನು ಜಿಲ್ಲಾ ರಸ್ತೆ ಕಚೇರಿಯಿಂದ ನಿವೃತ್ತನಾದವನು, ಬೆರಳಿಗೆ ಬೇಕಾದಷ್ಟು ಬಿಡುವಿದೆ. ಬೆಳಿಗ್ಗೆ ಕಾಫಿಯ ಜೊತೆಗೊಂದು, ಸಂಜೆ ಹವಾಮಾನ ವರದಿ ಮುಗಿದ ಮೇಲೊಂದು, ತಪ್ಪದೆ ಒತ್ತುತ್ತಿದ್ದೆ.

ಒತ್ತಿದ ಪ್ರತಿ ಸಲಕ್ಕೂ ಆರ್ಲಿಸ್ ಜಾಹೀರಾತು ಕಂಪನಿಗೆ ಒಂದೂವರೆ ಡಾಲರ್ ತೆರಬೇಕಿತ್ತು. ಅವಳು ಟರ್ಕಿ ಕೋಳಿ ಕಾರ್ಖಾನೆಯ ಶೈತ್ಯಾಗಾರದಲ್ಲಿ ಬಹಳ ವರ್ಷ ದುಡಿದು, ಬೆರಳ ಗೆಣ್ಣುಗಳು ಹಿಡಿದುಕೊಂಡ ಮೇಲೆ ಕೆಲಸ ಬಿಟ್ಟು ಈ ಅಂಗಡಿ ತೆರೆದಿದ್ದಳು. ವಸಂತದೊಳಗೆ ಜಾಹೀರಾತಿನ ಖರ್ಚು ಹತೋಟಿಗೆ ಬರದಿದ್ದರೆ ಅಂಗಡಿ ಮುಚ್ಚಿ ಮತ್ತೆ ಆ ಕೋಳಿಗಳ ನಡುವೆಯೇ ಹೋಗಿ ನಿಲ್ಲಬೇಕು.

ಜಾಹೀರಾತು ಕಂಪನಿಯ ಸಲಹೆಗಾರ ಟ್ರೆಂಟ್ ಎಂಬಾತ ಅವಳಿಗೆ ಫೋನ್ ಮಾಡಿದ.

"ಮೇಡಂ, ನಿಮ್ಮೂರಂಥ ಊರನ್ನ ನಾನು ಕಂಡೇ ಇಲ್ಲ. ನೋಡಿದೋರೆಲ್ಲ ಕ್ಲಿಕ್ ಮಾಡ್ತಾರೆ."

"ಆದ್ರೆ ಯಾರೂ ಕೊಳ್ತಾ ಇಲ್ವಲ್ಲಪ್ಪ."

"ಕೊಳ್ಳೋದು ಬೇರೆ ವಿಭಾಗ ಮೇಡಂ. ನಮ್ಮ ಕಡೆಯಿಂದ ಎಲ್ಲಾ ಅಮೋಘವಾಗಿದೆ. ಬಜೆಟ್ ಡಬಲ್ ಮಾಡಿ."

"ಡಬಲ್ ಮಾಡಿದ್ರೆ ಏನಾಗುತ್ತೆ?"

"ಎಲ್ಲರೂ ಎರಡೆರಡು ಸಲ ಕ್ಲಿಕ್ ಮಾಡ್ತಾರೆ."

ಅವಳು ಡಬಲ್ ಮಾಡಿದಳು. ಟ್ರೆಂಟ್ ಹೇಳಿದಂತೆಯೇ ಆಯಿತು. ಹುಡುಗ ತನ್ನ ಕೆಲಸದಲ್ಲಿ ನಿಪುಣ ಎಂಬುದರಲ್ಲಿ ಎರಡು ಮಾತಿಲ್ಲ.

ಕೊನೆಗೆ ಆರ್ಲಿಸ್ ಧೈರ್ಯ ತಂದುಕೊಂಡು ಎದುರು ಮನೆಯ ಮರ್ನಾಳ ಹತ್ತಿರ ಬಾಯಿಬಿಟ್ಟಳು.

"ಮರ್ನಾ, ನೀನು ದಿನಾ ಕ್ಲಿಕ್ ಮಾಡ್ತೀಯಲ್ಲ, ಅದಕ್ಕೆ ಸ್ವಲ್ಪ ಖರ್ಚು ಬೀಳುತ್ತೆ ಕಣೆ."

"ನಂಗೇನೂ ಖರ್ಚಿಲ್ಲ ಬಿಡೇ. ನಂದು ತಿಂಗಳ ಪ್ಯಾಕು."

"ನಂಗೆ ಬೀಳುತ್ತೆ."

ಮರ್ನಾ ಮುಖ ಊದಿಸಿಕೊಂಡಳು. "ಅಂದ್ರೆ ಇನ್ಮೇಲೆ ನಿನ್ನ ಕಂಡ್ರೂ ಕಾಣದೋರ ಥರ ಹೋಗ್ಬೇಕು ನಾನು? ಆಗಲಮ್ಮ. ದೊಡ್ಡ ವ್ಯಾಪಾರಸ್ಥಳು ನೀನು."

ಅಂದು ಸಂಜೆ ಮರ್ನಾ ಪಶ್ಚಾತ್ತಾಪದಿಂದ ಒಂದು ತಟ್ಟೆ ಹಾಟ್‌ಡಿಶ್, ಅಂದರೆ ಆಲೂಗಡ್ಡೆ ಹಾಕಿ ಓವನ್ನಿನಲ್ಲಿ ಬೇಯಿಸುವ ನಮ್ಮ ಕಡೆಯ ಅಡುಗೆ, ಮಾಡಿ ತಂದುಕೊಟ್ಟು, ಮನೆಗೆ ಹೋಗಿ ಮೂರು ಸಲ ಕ್ಲಿಕ್ ಮಾಡಿದಳು.

ಜಾಹೀರಾತನ್ನು ಬೇರೆ ರಾಜ್ಯಗಳಿಗೆ ತೋರಿಸಬಾರದೇ ಎಂದು ನೀವು ಕೇಳಬಹುದು. ಆರ್ಲಿಸ್ ಕೂಡ ಮೇಯರ್ ಡ್ವೇನ್‌ನನ್ನು ಅದನ್ನೇ ಕೇಳಿದಳು. ಡ್ವೇನ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಮ್ಮ ಕ್ಲಿಕ್ಕು ನಿಂಗೆ ಸಾಲದೆ ಹೋಯ್ತು. ಅಯೋವಾದವರ ಕ್ಲಿಕ್ ತರಿಸ್ತೀಯಾ?"

"ಛೆ, ಹಾಗಲ್ಲ ಡ್ವೇನ್."

"ತರಿಸಮ್ಮ. ನಾವ್ಯಾರು ಬೇಡ ಅನ್ನೋಕೆ."

ಅಲ್ಲಿಗೆ ಆ ಮಾತು ಮುಗಿಯಿತು. ವಿಷಯವನ್ನು ಗ್ರಾಮ ಮಂಡಳಿಗೆ ಒಪ್ಪಿಸಲಾಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಸೇರಿ, ಕಾಫಿ ಎರಡು ಸುತ್ತು ಆದ ಮೇಲೆ ಈ ಪ್ರಕಟಣೆ ಹೊರಬಿತ್ತು. ಕರಡು ನನ್ನದೇ:

"ಟೋರ್ವಿಕ್ ಗ್ರಾಮದ ಪ್ರತಿಯೊಂದು ಮನೆಯವರೂ ತಿಂಗಳಿಗೆ ಹನ್ನೆರಡು ಡಾಲರನ್ನು ಸೌಜನ್ಯ ಕ್ಲಿಕ್ ನಿಧಿಗೆ ಪಾವತಿಸತಕ್ಕದ್ದು. ನಿಧಿಯು ಸದರಿ ಹಣವನ್ನು ಸದರಿ ಆರ್ಲಿಸ್‌ಗೂ, ಸದರಿ ಆರ್ಲಿಸ್ ಅದನ್ನು ಜಾಹೀರಾತು ಕಂಪನಿಗೂ ತಲುಪಿಸತಕ್ಕದ್ದು. ಪ್ರತಿ ಕ್ಲಿಕ್ಕಿಗೂ ರಶೀದಿ ನೀಡತಕ್ಕದ್ದು. ಜಾಹೀರಾತಿನ ಮೇಲೆ ಕ್ಲಿಕ್ ಮಾಡದೆ ಕೊಂಡವರ ಖರೀದಿಯನ್ನು ಖರೀದಿಯೆಂದು ಪರಿಗಣಿಸತಕ್ಕದ್ದಲ್ಲ. ಅಂಥ ಖರೀದಿಗೆ ಒಪ್ಪಿದಲ್ಲಿ ನಿಧಿಯನ್ನು ಹಿಂಪಡೆಯಲಾಗುವುದು."

ಚರ್ಚಿನಲ್ಲಿ ಆರ್ಗನ್ ನುಡಿಸುವ ಗೆರ್ಹಾರ್ಟ್ ಮಾತ್ರ ಕೈ ಎತ್ತಿದ. "ಅದೇ ಹನ್ನೆರಡು ಡಾಲರಿಗೆ ಅವಳ ಹತ್ರ ಏನಾದ್ರೂ ಕೊಂಡುಬಿಟ್ರೆ ಆಗಲ್ವಾ?"

"ಕೈಗವಸು ಎಲ್ಲರ ಹತ್ರಾನೂ ಇದ್ಯಲ್ಲಯ್ಯ," ಎಂದ ಡ್ವೇನ್.

"ಅದೂ ಸರಿಯೇ," ಎಂದು ಗೆರ್ಹಾರ್ಟ್ ಕೂತ.

ರಶೀದಿ ಬರೆಯಲು ಒಬ್ಬರು ಬೇಕಾಯಿತು. ಕ್ಲಿಕ್ಕುಗಳ ಬಗ್ಗೆ ಅನುಭವ ಇದ್ದವಳು ಊರಿನಲ್ಲಿ ಒಬ್ಬಳೇ. ಆರ್ಲಿಸ್‌ಳನ್ನು ಗ್ರಾಮದ ಕ್ಲಿಕ್ ಅಧಿಕಾರಿಯನ್ನಾಗಿ ನೇಮಿಸಿ, ನಿಧಿಯಿಂದಲೇ ಸಂಬಳ ಗೊತ್ತುಮಾಡಲಾಯಿತು. ಸಂಬಳಕ್ಕೆ ನಿಧಿ ಸಾಲದ್ದರಿಂದ ಹನ್ನೆರಡು ಡಾಲರು ಹದಿನಾರಾಯಿತು. ಹದಿನಾರು ಕೊಟ್ಟ ಮೇಲೆ ಸುಮ್ಮನೆ ಬಿಡಲಾದೀತೇ? ಜನ ಇನ್ನಷ್ಟು ಕ್ಲಿಕ್ ಮಾಡಿದರು. ಟ್ರೆಂಟ್‌ಗೆ ಬಡ್ತಿ ಸಿಕ್ಕಿತೆಂದು ಕೇಳಿದೆವು. ನಮಗೆಲ್ಲ ಸಂತೋಷವೇ ಆಯಿತು.

ಆಗ ಅಲಾಸ್ಕಾದ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿಯಿಂದ ಪತ್ರ ಬಂತು. ನಮ್ಮ ಕಡೆಯಿಂದ ಹೋದ ನರ್ಸೊಬ್ಬಳ ಕೈಯಲ್ಲಿದ್ದ ಕೈಗವಸು ಕಂಡು ಮರುಳಾಗಿ, ಮಕ್ಕಳಿಗೆಂದು ಆರು ಡಜನ್ ಜೊತೆ ಕೇಳಿದ್ದಳು. ಜೊತೆಗೆ ಪೂರ್ತಿ ಹಣದ ಚೆಕ್ಕು. ತುರ್ತು ಸಭೆ ಕರೆಯಬೇಕಾಯಿತು.

"ಆಯಮ್ಮ ಕ್ಲಿಕ್ ಮಾಡಿದಾಳಾ?" ಎಂದು ಡ್ವೇನ್ ಕೇಳಿದ.

"ಹೆಂಗ್ ಮಾಡ್ತಾಳೆ? ಹತ್ತು ಮೈಲಿ ಆಚೆ ಜಾಹೀರಾತೇ ಕಾಣಲ್ವಲ್ಲ," ಎಂದೆ ನಾನು.

"ಇಲ್ಲಿಗೆ ಬಂದು ಒಂದು ಕ್ಲಿಕ್ ಮಾಡಿ ಹೋಗ್ಲಿ. ಊಟ ನಮ್ಮನೇಲಿ," ಎಂದಳು ಮರ್ನಾ.

ವಿಮಾನದ ದರ ವಿಚಾರಿಸಲಾಗಿ ಅದು ಆಗದ ಮಾತೆಂದು ತಿಳಿಯಿತು. ಡ್ವೇನ್ ಆರ್ಲಿಸ್ ಕಡೆ ತಿರುಗಿದ. "ನೀನೇ ಹೇಳಮ್ಮ. ಈ ಆರ್ಡರ್ ತಗೊಂಡ್ರೆ ನಿಧಿ ನಿಂತುಹೋಗುತ್ತೆ. ಆಮೇಲೆ ಜಾಹೀರಾತಿನ ಬಿಲ್ಲು ನಿನ್ನ ತಲೆ ಮೇಲೆ."

ಆರ್ಲಿಸ್ ಚೆಕ್ಕನ್ನು ಒಮ್ಮೆ ನೋಡಿದಳು, ತನ್ನ ಬೆರಳುಗಳನ್ನು ಒಮ್ಮೆ ನೋಡಿದಳು. ಚೆಕ್ಕು ಬರುವುದು ಒಂದು ಸಲ. ಬಿಲ್ಲು ತಿಂಗಳು ತಿಂಗಳೂ ಬರುತ್ತದೆ. ಅದರ ಆಚೆಗೆ ಶೈತ್ಯಾಗಾರ.

"ಹೆಣೆಯೋಕೆ ನಂಗೆ ಟೈಮಾದ್ರೂ ಎಲ್ಲಿದೆ," ಎಂದಳು. "ಬೆಳಿಗ್ಗೆಯಿಂದ ರಶೀದಿ ಬರೆಯೋದೇ ಆಗುತ್ತೆ."

ಸಭೆ ಚಪ್ಪಾಳೆ ತಟ್ಟಿತು. ಚೆಕ್ಕನ್ನು ನಿಧಿಯ ವಿಷಯ ತಿಳಿಸುವ ಒಂದು ಅಂದವಾದ ಕೃತಜ್ಞತಾ ಕಾರ್ಡಿನೊಡನೆ ಹಿಂದಿರುಗಿಸಲಾಯಿತು. ಮುಖ್ಯೋಪಾಧ್ಯಾಯಿನಿ ಒಂದಿಷ್ಟೂ ಬೇಸರಿಸಲಿಲ್ಲ. ಅಂಥದೊಂದು ನಿಧಿಯನ್ನು ನಮ್ಮೂರಲ್ಲೂ ತೆರೆಯಬೇಕೆಂದಿದ್ದೇವೆ, ನಿಯಮಗಳ ಪ್ರತಿ ಕಳಿಸಿ ಎಂದು ಬರೆದಳು. ಕಳಿಸಿಕೊಟ್ಟೆ.

ಹೀಗೆ ಟೋರ್ವಿಕ್ ಗ್ರಾಮವು ಮಾರಾಟವೆಂಬ ತೊಡಕನ್ನು ನಿವಾರಿಸಿ ಜಾಹೀರಾತಿನ ಖರ್ಚನ್ನು ಶಾಶ್ವತವಾಗಿ ಹತೋಟಿಗೆ ತಂದದ್ದು 2024ನೇ ಇಸವಿ ಮಾರ್ಚ್ ತಿಂಗಳ 14ನೇ ತಾರೀಕು, ಗುರುವಾರ.